ಎಡದಂಡೆಯ ಒಗರು

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಕೂತು, ಒಂದು ಗುಟುಕು ಕೆಂಪು ವೈನನ್ನು ಬಾಯಿತುಂಬ ಆಡಿಸಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಕೊನೆಗೆ ಪಕ್ಕದ ಪ್ಲಾಸ್ಟಿಕ್ ಮಗ್ಗಿಗೆ ಉಗಿದು ಕೆಂಡ ತೀರ್ಪು ಕೊಟ್ಟ.

"ಪುಸ್ತಕ ಬರೆದೋನು ಶುದ್ಧ ಸುಳ್ಳ."

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಗುರುತಿನ ಚೀಟಿಯ ಮೇಲೆ ಮಾತ್ರ ಬಾಳುತ್ತಿತ್ತು. ಹುಟ್ಟಿದ ಗಳಿಗೆಯಲ್ಲೇ ಮುಖ ಕೆಂಪಗೆ ಮಾಡಿಕೊಂಡು ಆಸ್ಪತ್ರೆಯೇ ಎದ್ದು ಕೂರುವಂತೆ ಕಿರುಚಿದ್ದನಂತೆ. ಎತ್ತಿಕೊಂಡ ಅಜ್ಜಿ "ಇದು ಮಗುವಲ್ಲ, ಕೆಂಡ" ಅಂದಿದ್ದಳು. ಅದೇ ನಿಂತಿತು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ, ಭಾವ, ಅಜ್ಜಿ, ಈ ಮೂವರ ಮನೆಯಲ್ಲಿ ಅವನು ನಾಲ್ಕನೆಯವನು. ಬೀದಿಬದಿಯ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಮಹಡಿ ಅವರದು. ಕಿಟಕಿ ತೆರೆದರೆ ಅಂಟಿನ ವಾಸನೆ, ಮುಚ್ಚಿದರೆ ಭಾವನ ಅಡುಗೆಯ ವಾಸನೆ.

"ಉಗಿಯೋ ವಿದ್ಯೆಗೆ ಒಂದು ಪರೀಕ್ಷೆ ಬೇರೆ," ಅಂದಳು ಅಜ್ಜಿ. "ನಮ್ಮ ಕಾಲದಲ್ಲಿ ಕುಡಿದೋರು ಬೀದಿ ತುಂಬ ಉಗೀತಿದ್ರು, ಒಬ್ಬನಿಗೂ ಸರ್ಟಿಫಿಕೇಟ್ ಕೊಡಲಿಲ್ಲ."

"ಆ ಮಗ್ಗು ಮೊದ್ಲು ಅಲ್ಲಿಂದ ತೆಗಿ," ಅಂದಳು ಅಕ್ಕ. "ಊಟದ ಜಾಗ ಇದು."

ಬಸ್ ಡ್ರೈವರ್ ಆಗಿದ್ದ ಭಾವನಿಗೆ ವಾರಕ್ಕೊಂದು ರಜೆ. ಆ ರಜೆಯನ್ನು ಅವನು ಓವನ್ ಮುಂದೆಯೇ ಕಳೆಯುತ್ತಿದ್ದ. ದಪ್ಪ ಕೈಗವಸು ಹಾಕಿಕೊಂಡೇ ಬಂದು ಆತಂಕದಿಂದ ಕೇಳಿದ: "ಯಾಕೋ, ಮಾಂಸ ಬೆಂದಿಲ್ವಾ?"

"ಮಾಂಸ ಬೆಂದಿದೆ ಭಾವ. ಬೆಂದಿರೋದು ನನ್ನ ಹೊಟ್ಟೆ. ನದಿ ಎಡದಂಡೆ ಸೀಮೆಯ ವೈನು, ಓವನ್ನಲ್ಲಿ ಸುಟ್ಟ ಕುರಿ ಮಾಂಸ, ಇವೆರಡೂ ಗಂಡ ಹೆಂಡತಿ ಇದ್ದಹಾಗೆ ಅಂತ ಪುಸ್ತಕ ಹೇಳುತ್ತೆ. ಬಾಯಿಗೆ ಹಾಕ್ಕೊಂಡ್ರೆ ಎಳೇ ಬಾಳೆಕಾಯಿ ಕಚ್ಚಿದಹಾಗೆ ಒಗರು. ನಾಲಿಗೆ ಮೇಲೆ ಯಾರೋ ಉಣ್ಣೆ ಕಂಬಳಿ ಹಾಸಿದಹಾಗಿದೆ."

"ಗಂಡ ಹೆಂಡತಿ ಅಂದ್ಮೇಲೆ ಸ್ವಲ್ಪ ಒಗರು ಇದ್ದೇ ಇರುತ್ತೆ," ಅಂದ ಭಾವ. ಅಕ್ಕನ ಕಡೆ ಒಮ್ಮೆ ನೋಡಿ, ಕೈಗವಸಿನಲ್ಲೇ ಕೈ ಕಟ್ಟಿಕೊಂಡು ಅಡುಗೆಮನೆಗೆ ಹೋದ.

ಆ ಮನೆಯ ಊಟದ ಬಗ್ಗೆ ಒಂದು ಮಾತು ಹೇಳಬೇಕು. ಅಜ್ಜಿ ತನ್ನ ಹರೆಯವನ್ನೆಲ್ಲ ಬಂದರಿನ ಮೀನಿನ ಕಾರ್ಖಾನೆಯಲ್ಲಿ ಕಳೆದವಳು. ಸೀಳಿದ ಮೀನಿಗೆ ಉಪ್ಪು ತುಂಬುವುದು ಅವಳ ಕೆಲಸ. ಉಪ್ಪಿನಲ್ಲಿ ಆಡಿದ ಬೆರಳು, ಉಪ್ಪಿನಲ್ಲಿ ಬಿರಿದ ಅಂಗೈ, ಉಪ್ಪೇ ಅನ್ನ ಹಾಕಿದ ಬಾಳು. ಹೋದ ವರ್ಷ ಅವಳ ರಕ್ತದೊತ್ತಡ ಏರಿ, ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ತಲೆ ತಿರುಗಿ ಬಿದ್ದಳು. ಭಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ಅಂದು ಸಂಜೆಯೇ ಅಕ್ಕ ಉಪ್ಪಿನ ಡಬ್ಬಿಯನ್ನು ಎತ್ತಿ ಕೆಳಗಿನ ಚಪ್ಪಲಿ ಅಂಗಡಿಯವನಿಗೆ ದಾನ ಮಾಡಿಬಿಟ್ಟಳು. "ಅಜ್ಜಿ ಒಬ್ಬಳೇ ಸಪ್ಪೆ ತಿಂದ್ರೆ ಅದು ಶಿಕ್ಷೆ. ಎಲ್ರೂ ತಿಂದ್ರೆ ಅದೇ ಊಟ" ಎಂಬುದು ಅವಳ ಕಾನೂನು. ಬೆಣ್ಣೆ, ಬ್ರೆಡ್ಡು, ಕೊನೆಗೆ ಬಿಸ್ಕತ್ತು ಕೂಡ ಉಪ್ಪಿಲ್ಲದ್ದನ್ನೇ ಹುಡುಕಿ ತಂದಳು. ಮೊದಮೊದಲು ಕೆಂಡ ತಟ್ಟೆ ಬಡಿದು ಕೂಗಾಡಿದ. ಆಮೇಲೆ ನಾಲಿಗೆಯೇ ಸೋತು ರಾಜಿಯಾಯಿತು. ಎಷ್ಟು ರಾಜಿಯಾಯಿತೆಂದರೆ, ಅವನು ಕೆಲಸ ಮಾಡುವ ವೈನ್ ಅಂಗಡಿಯ ಪಾರ್ಟಿಯಲ್ಲಿ ಸೂಪು ಬಾಯಿಗಿಟ್ಟವನೇ "ಸಮುದ್ರಾನೇ ಎತ್ತಿ ಸುರಿದಿದ್ದೀಯಲ್ಲಯ್ಯ!" ಎಂದು ಅಡುಗೆಯವನ ಮೇಲೆ ಹಾರಾಡಿದ್ದ. ಅಂದಿನಿಂದ ಹೊರಗಿನ ಊಟ ಬಿಟ್ಟು, ಮನೆಯ ಡಬ್ಬಿಯನ್ನೇ ಕೆಲಸಕ್ಕೆ ಒಯ್ಯುತ್ತಿದ್ದ. ಕ್ರಮೇಣ ಮನೆಯ ಊಟದಲ್ಲಿ ಉಪ್ಪಿಲ್ಲ ಎಂಬುದೇ ಮರೆತುಹೋಯಿತು. ಮೂಗಿನ ಮೇಲಿನ ಕನ್ನಡಕ ಯಾರಿಗೆ ಕಾಣುತ್ತದೆ?

ಕೆಂಡನಿಗೆ ಓದು ಅಂದರೆ ಎಣ್ಣೆ ಸೀಗೇಕಾಯಿ ಸಂಬಂಧ. ಶಾಲೆಯಲ್ಲಿ ಒಮ್ಮೆ ಲೆಕ್ಕದ ಮೇಷ್ಟ್ರು ಹಿಂದಿನ ಬೆಂಚಿನವನ ತಪ್ಪಿಗೆ ಇವನನ್ನು ಎದ್ದು ನಿಲ್ಲಲು ಹೇಳಿದರು. ನಿಂತ. ಆದರೆ ನಿಂತವನು ಮತ್ತೆ ಕೂರಲಿಲ್ಲ. ನಿಂತ ಹಾಗೇ ಬಾಗಿಲ ಕಡೆ ನಡೆದ, ಗೇಟು ದಾಟಿದ, ಮುಗಿಯಿತು. ಆಮೇಲೆ ಬಡಗಿಯ ಹತ್ತಿರ ಸೇರಿದ, ಯಾರೋ ಏನೋ ಅಂದರೆಂದು ಎದ್ದು ಬಂದ. ಪ್ರಿಂಟಿಂಗ್ ಪ್ರೆಸ್ ಸೇರಿದ, ಅಲ್ಲಿಂದಲೂ ಎದ್ದು ಬಂದ. "ನಮ್ಮ ತಮ್ಮ ಕೂರೋದ್ರಲ್ಲಿ ಫೇಲು, ಏಳೋದ್ರಲ್ಲಿ ಫಸ್ಟ್ ಕ್ಲಾಸು" ಎಂದು ಅಕ್ಕ ನೆರೆಯವರ ಮುಂದೆ ಹೇಳುತ್ತಿದ್ದಳು. ಅವನೆದುರಿಗೇ ಹೇಳುತ್ತಿದ್ದಳು.

ವೈನ್ ಅಂಗಡಿಯಲ್ಲಿ ಮಾತ್ರ ನಿಂತ, ಯಾಕೆಂದರೆ ನೆಲಮಾಳಿಗೆಯ ಗೋಡೌನಿನಲ್ಲಿ ಅವನಿಗೆ ಏನಾದರೂ ಅನ್ನಲು ಬಾಟಲಿಗಳಿಗೆ ಬಾಯಿರಲಿಲ್ಲ. ಇದ್ದ ಬಾಯಿಗೂ ಬಿರಡೆ ಜಡಿದಿತ್ತು. ಒಂದು ದಿನ ಅವನು ಪೆಟ್ಟಿಗೆ ಹೊತ್ತು ಮೇಲೆ ಬಂದಾಗ ಅಂಗಡಿಯ ಯಜಮಾನಿ ಫೋನಿನಲ್ಲಿದ್ದಳು. ಕಾಗದದಲ್ಲಿ ಸುತ್ತಿದ ಮೀನು ಹಿಡಿದುಕೊಂಡು ಒಬ್ಬ ಹೆಂಗಸು ಬಂದು "ಇದಕ್ಕೆ ಯಾವುದು ಒಪ್ಪುತ್ತೆ?" ಎಂದು ಕೇಳಿದಳು. ಕೆಂಡ ಪೆಟ್ಟಿಗೆ ಇಳಿಸದೆಯೇ ಹೇಳಿದ: "ಶಾಬ್ಲಿ ಅನ್ನೋ ಬಿಳಿ ವೈನ್ ತಗೊಳ್ಳಿ. ಆ ಬಳ್ಳಿ ಬೆಳೆಯೋ ಮಣ್ಣಲ್ಲಿ ಹಳೇ ಕಾಲದ ಸಮುದ್ರದ ಚಿಪ್ಪುಗಳಿವೆಯಂತೆ. ಮೀನಿಗೆ ನೆಂಟಸ್ತಿಕೆ ಆಗುತ್ತೆ." ಬಾಟಲಿಯ ಬೆನ್ನಿಗಿದ್ದ ಚೀಟಿಯಲ್ಲಿ ಓದಿದ್ದು ಅಷ್ಟೇ. ಮುಂದಿನ ವಾರ ಆ ಹೆಂಗಸು ಬಂದು ಬಾಗಿಲಲ್ಲೇ ನಿಂತು "ಆ ನೆಂಟಸ್ತಿಕೆ ಹುಡುಗ ಎಲ್ಲಿ?" ಎಂದು ಕೇಳಿದಳು. ಅವತ್ತಿಡೀ ಕೆಂಡ ಗೋಡೌನಿನಲ್ಲಿ ಸಿಳ್ಳೆ ಹಾಕಿಕೊಂಡೇ ಪೆಟ್ಟಿಗೆ ಜೋಡಿಸಿದ. ತಾನು ಹೇಳಿದ ಮಾತನ್ನು ಹುಡುಕಿಕೊಂಡು ಒಬ್ಬರು ಬರುವುದು ಅವನ ಬಾಳಿನಲ್ಲಿ ಅದೇ ಮೊದಲು.

ಯಜಮಾನಿ ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ ಗಟ್ಟಿ ಹೆಂಗಸು. ಅವಳು ಹೇಳಿದಳು: "ಕೌಂಟರಿಗೆ ಬರ್ಬೇಕಾ? ವೈನ್ ಪರೀಕ್ಷೆ ಪಾಸ್ ಮಾಡು. ಯಾವ ಊರಿನ ವೈನ್ ಹೇಗಿರುತ್ತೆ, ಯಾವ ಊಟಕ್ಕೆ ಯಾವುದು, ಎಲ್ಲಾ ಬರಬೇಕು. ಗಿರಾಕಿಗಳು ಬಾಯಿಗೆ ಬಂದಂಗೆ ಮಾತಾಡ್ತಾರೆ; ಅವರ ಮುಂದೆ ನಿಲ್ಲೋಕೆ ತಲೇಲಿ ಸರಕಿರಬೇಕು. ಆದ್ರೆ ಇದನ್ನೂ ಅರ್ಧಕ್ಕೆ ಬಿಟ್ಟು ಎದ್ದು ಬಂದ್ಯೋ, ಕೌಂಟರಿಗೆ ಬೇರೆಯವರನ್ನ ತಗೋತೀನಿ. ನಿನಗೆ ಗೋಡೌನೇ ಗತಿ."

ಪಾಠ ನಡೆಯುತ್ತಿದ್ದುದು ಡ್ರೈವಿಂಗ್ ಸ್ಕೂಲೊಂದರ ಬಾಡಿಗೆ ಕೋಣೆಯಲ್ಲಿ. ಗೋಡೆಯ ತುಂಬ ರಸ್ತೆ ಚಿಹ್ನೆಗಳು. ನಡುವೆ ದಪ್ಪಕ್ಷರದಲ್ಲಿ 'ಕುಡಿದು ವಾಹನ ಚಲಾಯಿಸಬೇಡಿ.' ಅದರ ಕೆಳಗೇ ಮೇಜಿನ ಮೇಲೆ ಸಾಲು ಗ್ಲಾಸು. "ಅದಕ್ಕೇ ಇಲ್ಲಿ ಕುಡಿಯೋದಿಲ್ಲ, ಉಗೀತೀವಿ" ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಜೀವಮಾನವೆಲ್ಲ ದ್ರಾಕ್ಷಿ ತೋಟಗಳಲ್ಲಿ ದುಡಿದು ನಿವೃತ್ತರಾದ ಅವರನ್ನು ಎಲ್ಲರೂ ಗುಟುಕು ಮೇಷ್ಟ್ರು ಅನ್ನುತ್ತಿದ್ದರು. ನೀರನ್ನೂ ಅವರು ಮೂಸಿಯೇ ಕುಡಿಯುತ್ತಿದ್ದರು.

ವಾಸನೆ ಹಿಡಿಯುವುದರಲ್ಲಿ ಕೆಂಡ ಮೊದಲಿನಿಂದಲೂ ಚುರುಕು. ಬೋರ್ಡೋ ಎಂಬ ಸೀಮೆಯ ಎಡದಂಡೆಯ ವೈನನ್ನು ಮೂಸಿದ ಕ್ಷಣವೇ ಅವನ ಮುಖ ಬಿಗಿಯಿತು. "ಇದ್ರಲ್ಲಿ ಸ್ಕೂಲು ವಾಸನೆ ಬರುತ್ತೆ" ಅಂದ. ಉಳಿದವರು ನಕ್ಕರು. ಮೇಷ್ಟ್ರು ನಗಲಿಲ್ಲ. "ಕೆತ್ತಿದ ಪೆನ್ಸಿಲ್ಲು. ಸರಿಯಾಗಿ ಹೇಳ್ದೆ. ಹೊಸಬರಿಗೆ ಅದು ಸಿಗೋದೇ ಕಷ್ಟ" ಅಂದರು.

ಎಡವಟ್ಟಾದದ್ದು ನಕ್ಷೆಯ ದಿನ. ಖಾಲಿ ನಕ್ಷೆಯ ಮೇಲೆ ಸೀಮೆಗಳನ್ನು ಗುರುತಿಸಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಹಲ್ಲಿನ ಡಾಕ್ಟರಮ್ಮ, ಖಯಾಲಿಗೆ ವೈನ್ ಓದಲು ಬಂದವಳು, ಕೆಂಡನ ಹಾಳೆಗೆ ಇಣುಕಿ ನೋಡಿ ಕಿಸಕ್ಕೆಂದಳು. "ಅಯ್ಯೋ, ಬೋರ್ಡೋನ ಸಮುದ್ರದಲ್ಲಿ ಹಾಕಿದ್ದೀಯಲ್ಲೋ! ಅಲ್ಲಿ ದ್ರಾಕ್ಷಿ ಬೆಳೆಯಲ್ಲ, ತಿಮಿಂಗಿಲ ಬೆಳೆಯುತ್ತೆ!"

ಕೋಣೆ ಗೊಳ್ಳೆಂದಿತು. ಕೆಂಡನ ಕಿವಿ ಕಾದವು. ಕುರ್ಚಿ ಹಿಂದಕ್ಕೆ ಬಿತ್ತು. ದ್ವಿತೀಯಾರ್ಧದ ಪಾಠಕ್ಕೆಂದು ಮೇಷ್ಟ್ರು ಮೂಲೆಯ ಮೇಜಿನಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ ಪುಟ್ಟ ತಟ್ಟೆಗಳ ಪಕ್ಕದಲ್ಲೇ ಹಾದು ಅವನು ಹೊರಟುಹೋದ.

ಮಾರನೆಯ ದಿನ ಯಜಮಾನಿ ಬೈಯಲಿಲ್ಲ. "ಪಾಠ ಮುಗೀತಾ?" ಎಂದಷ್ಟೇ ಕೇಳಿದಳು. ಅವನು ಪೆಟ್ಟಿಗೆ ಹೊತ್ತು ಗೋಡೌನಿಗೆ ಇಳಿದ; ಅಲ್ಲೇ ಉಳಿಯುವ ಆಸೆ ಅವನಿಗಿರಲಿಲ್ಲ. ಮುಂದಿನ ವಾರ ಏನೂ ಆಗಿಲ್ಲದವನ ಹಾಗೆ ಹೋಗಿ ಕೂತ. ಅವತ್ತು ತಪ್ಪಿದ ಪಾಠ ಯಾವುದೆಂದು ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೇಳಿದರೆ ಮಾನ ಹೋಗುತ್ತದಲ್ಲ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದನ್ನು ಅವನು ಗಾದೆ ಎಂದಲ್ಲ, ಕಾಯಿದೆ ಎಂದು ತಿಳಿದಿದ್ದ.

ನಕ್ಷೆಯನ್ನು ಅವನಿಗೆ ಕಲಿಸಿದವಳು ಅಜ್ಜಿ. ಕೆಲಸ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಅವನು ಹಾಳೆ ಹರಡಿದರೆ, ಅವಳು ಕನ್ನಡಕ ಏರಿಸಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು.

"ಮೊದ್ಲು ನೀರು ಎಲ್ಲಿದೆ ತೋರ್ಸು. ನೀರು ಗೊತ್ತಾದ್ರೆ ನೆಲ ತಾನಾಗೇ ಗೊತ್ತಾಗುತ್ತೆ."

"ಇದು ನದಿ ಅಜ್ಜಿ. ಹೀಗೆ ಬಂದು ಸಮುದ್ರ ಸೇರುತ್ತೆ. ಎಡದಂಡೇಲಿ ಜಲ್ಲಿಕಲ್ಲು. ಅಲ್ಲಿ ಕಾಬರ್ನೆ ಅನ್ನೋ ದ್ರಾಕ್ಷಿ. ಬಿಗಿ, ಗಡಸು, ಒಗರು. ವರ್ಷಗಟ್ಟಲೆ ಇಟ್ಟರೇ ಮೆತ್ತಗಾಗೋದು. ಬಲದಂಡೇಲಿ ಜೇಡಿಮಣ್ಣು. ಅಲ್ಲಿ ಮೆರ್ಲೊ. ಮೃದು, ಬೇಗ ಒಲಿಯುತ್ತೆ."

"ಇಷ್ಟೇ ತಾನೆ? ಎಡದಂಡೆ ಅತ್ತೆಮನೆ. ಬಲದಂಡೆ ತವರುಮನೆ." ಅಜ್ಜಿ ಬೆರಳಿನಿಂದ ನದಿಯನ್ನು ಸವರಿದಳು. "ಈ ಕಡೆ ಗಡಸು, ಕಾಯಬೇಕು. ಆ ಕಡೆ ಮೆತ್ತಗೆ, ಹೋದ ತಕ್ಷಣ ಬಾ ಕೂತ್ಕೋ ಅಂತಾರೆ. ಇನ್ನೇನು ಮರೀತೀಯ?"

ಮರೆಯಲಿಲ್ಲ. ಕಡಿದಾದ ಇಳಿಜಾರಿನಲ್ಲಿ ಬಳ್ಳಿ ಬೆಳೆಸುವ ಮೋಸೆಲ್ "ಮೊಣಕಾಲು ನೋವಿನ ಚಿಕ್ಕಪ್ಪನ ಮನೆ" ಆಯಿತು. ತುಂಡು ತುಂಡಾಗಿ ಪಾಲಾದ ತೋಟಗಳ ಬರ್ಗಂಡಿ "ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡ್ಕೊಂಡ ಊರು" ಆಯಿತು. ಹೀಗೆ ದೂರದ ಸೀಮೆಗಳೆಲ್ಲ ಒಂದೊಂದಾಗಿ ನೆಂಟರಾಗಿ ಮನೆಗೆ ಬಂದವು. ಆ ಸಂಜೆಗಳಲ್ಲಿ ಕೆಂಡ ಎಷ್ಟು ನೆಮ್ಮದಿಯಾಗಿರುತ್ತಿದ್ದನೆಂದರೆ, ಅಕ್ಕ ಜ್ವರವೇನಾದರೂ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

"ಸಮುದ್ರದಲ್ಲಿ ಹಾಕ್ದೆ ಅಂತ ನಕ್ರಾ?" ಅಂದಳು ಅಜ್ಜಿ ಒಂದು ದಿನ. "ಪಕ್ಕದಲ್ಲೇ ಇದೆಯಲ್ಲೋ. ಸ್ವಲ್ಪ ಕೈ ಜಾರಿದೆ, ಅಷ್ಟೇ."

ಸೀಮೆಗಳು ಒಲಿದವು, ಊಟದ ಜೋಡಿ ಮಾತ್ರ ಒಲಿಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ರುಚಿಗೆಂದು ತೆರೆದ ಬಾಟಲಿಗಳ ತಳದಲ್ಲಿ ಉಳಿದದ್ದನ್ನು ಯಜಮಾನಿ ಅವನಿಗೆ ಕೊಡುತ್ತಿದ್ದಳು. ಅದನ್ನು ತೊಳೆದ ಔಷಧಿ ಸೀಸೆಗಳಲ್ಲಿ ತುಂಬಿ ತಂದು, ಭಾವನ ಅಡುಗೆಯೊಂದಿಗೆ ಅವನು ಪ್ರತಿ ಭಾನುವಾರ ರುಚಿ ನೋಡುತ್ತಿದ್ದ. ಬಿಳಿ ವೈನ್ ಮೀನಿನೊಂದಿಗೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಕೆಂಪು ವೈನ್ ಮಾಂಸದೊಂದಿಗೆ ಒಗರೋ ಒಗರು. ಪುಸ್ತಕ ಒಂದು ಹೇಳುತ್ತಿತ್ತು, ನಾಲಿಗೆ ಇನ್ನೊಂದು. ಪುಸ್ತಕ ಮತ್ತು ಕೆಂಡನ ನಡುವೆ ಜಗಳವಾದರೆ ಕೆಂಡ ಯಾರ ಪಕ್ಷ ಎಂದು ಕೇಳಬೇಕಾಗಿಲ್ಲ.

ಹಾಗಾಗಿ ಮಾದರಿ ಪರೀಕ್ಷೆಯಲ್ಲಿ 'ಸುಟ್ಟ ಕುರಿ ಮಾಂಸಕ್ಕೆ ಎಡದಂಡೆಯ ಕೆಂಪು ವೈನ್ ಏಕೆ ಒಪ್ಪುತ್ತದೆ?' ಎಂಬ ಪ್ರಶ್ನೆಗೆ ಅವನು ಹಾಳೆ ಹರಿಯುವಷ್ಟು ಒತ್ತಿ ಬರೆದ: 'ಒಪ್ಪುವುದಿಲ್ಲ. ಒಪ್ಪುತ್ತದೆ ಎಂದವರು ತಿಂದು ನೋಡಿಲ್ಲ.'

ಮೇಷ್ಟ್ರು ಅದನ್ನು ಓದಿ ತಮ್ಮ ಹೊಟ್ಟೆ ತಟ್ಟಿಕೊಂಡರು. "ನಾನು ತಿಂದಿದ್ದೀನಪ್ಪ. ತಿಂದೂ ತಿಂದೂ ಹೊಟ್ಟೆ ಬೆಳೆಸಿದ್ದೀನಿ, ಕಾಣ್ತಿಲ್ವಾ? ನೀನು ಎಲ್ಲಿ ತಿಂದೆ?"

"ಮನೇಲಿ. ಪ್ರತಿ ವಾರ."

"ಹಾಗಾದ್ರೆ ನಿನ್ನ ಮೂಗು ಸರಿ ಇದೆ, ನಾಲಿಗೆಗೆ ಏನೋ ಆಗಿದೆ. ಪರೀಕ್ಷೇಲಿ ಪುಸ್ತಕದಲ್ಲಿರೋದನ್ನೇ ಬರಿ. ಹೀಗೆ ಬರೆದ್ರೆ ಈ ಭಾಗದಲ್ಲಿ ಸೊನ್ನೆ ಬರುತ್ತೆ. ಇದೊಂದರಲ್ಲಿ ಸೊನ್ನೆ ಬಂದ್ರೆ ಪೂರ್ತಿ ಫೇಲು."

"ನಾಲಿಗೆ ಹೇಳಿದ್ದನ್ನ ಬಿಟ್ಟು ಸುಳ್ಳು ಬರೀಬೇಕಾ?"

"ಬರೀಬೇಕು ಅಂತಲ್ಲ ಕಣೋ..."

ಆದರೆ ಕೆಂಡ ಆಗಲೇ ಎದ್ದಿದ್ದ.

ಶನಿವಾರ ಸಂಜೆ ಅವನು ಪುಸ್ತಕವನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಬಾಗಿಲ ಪಕ್ಕ ಇಟ್ಟ. ಸೋಮವಾರ ಅದನ್ನು ಯಜಮಾನಿಯ ಮೇಜಿನ ಮೇಲೆ ಇಟ್ಟು, ಮಾತಿಲ್ಲದೆ ಗೋಡೌನಿಗೆ ಇಳಿಯುವುದೆಂದು ತೀರ್ಮಾನವಾಗಿತ್ತು. ಅಕ್ಕ ಆ ಗಂಟನ್ನು ನೋಡಿದಳು. ಹಾಸ್ಯ ಮಾಡಲಿಲ್ಲ. ಅವಳು ಹಾಸ್ಯ ಮಾಡದೇ ಇದ್ದದ್ದು ಅವನಿಗೆ ಹಾಸ್ಯಕ್ಕಿಂತ ಹೆಚ್ಚು ಚುಚ್ಚಿತು.

ಭಾನುವಾರ ಮತ್ತೆ ಅದೇ ಮೇಜು, ಅದೇ ಓವನ್, ಅದೇ ಕುರಿ ಮಾಂಸ. ಎಡದಂಡೆಯದು ಒಂದು ಸೀಸೆ ಉಳಿದಿತ್ತು. ಚೆಲ್ಲಲು ಮನಸ್ಸಾಗದೆ ಗ್ಲಾಸಿಗೆ ಬಗ್ಗಿಸಿಕೊಂಡ. ಅಕ್ಕ ನೀರಿನ ಜಗ್ಗು ತರಲು ಒಳಗೆ ಹೋದಳು. ಭಾವ ಬಂದು ಮೇಜಿನ ಕಡೆ ನೋಡಿ, "ಅಯ್ಯೋ, ಅಜ್ಜಿ ತಟ್ಟೆಗೆ ಮೂಳೆ ಇರೋದು ಬಡಿಸಿದ್ದೀನಿ, ಹಲ್ಲಿಗೆ ಕಷ್ಟ" ಎಂದು ಅಜ್ಜಿಯ ತಟ್ಟೆಯನ್ನು ಕೆಂಡನಿಗೂ ಕೆಂಡನದನ್ನು ಅಜ್ಜಿಗೂ ಬದಲಾಯಿಸಿಬಿಟ್ಟ.

"ಏಯ್, ಇರ್ಲಿ ಬಿಡೋ, ಮೂಳೆನೇ ನಂಗಿಷ್ಟ!" ಅಂದಳು ಅಜ್ಜಿ. ಅವಳ ದನಿಯಲ್ಲಿ ಗಾಬರಿ ಇತ್ತು. ಭಾವ ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು.

ಕೆಂಡ ಒಂದು ತುಂಡು ಬಾಯಿಗಿಟ್ಟ. ನಾಲಿಗೆಯ ಮೇಲೆ ಏನೋ ಸಣ್ಣಗೆ ಚುರುಕ್ಕೆಂದಿತು. ಒಂದು ಗುಟುಕು ವೈನ್ ಹೀರಿದ. ಉಗಿಯಲು ಮಗ್ಗು ಎತ್ತಿಕೊಂಡವನು ಹಾಗೇ ನಿಂತುಬಿಟ್ಟ.

ಒಗರು ಇರಲಿಲ್ಲ. ಅಂದರೆ ಇತ್ತು, ಆದರೆ ಹಲ್ಲು ಕಿರಿಯುತ್ತಿದ್ದ ನಾಯಿ ಬಾಲ ಅಲ್ಲಾಡಿಸಿಕೊಂಡು ಕಾಲ ಬುಡಕ್ಕೆ ಬಂದು ಮಲಗಿದ ಹಾಗಿತ್ತು. ಅದರ ಹಿಂದೆ ಇಷ್ಟು ದಿನ ಅಡಗಿದ್ದ ಕಪ್ಪು ಹಣ್ಣುಗಳ ರಸ ಬಾಯಿತುಂಬ ಹರಡಿತು. ಕೆತ್ತಿದ ಪೆನ್ಸಿಲ್ಲು ಕೂಡ ಬಂತು, ಆದರೆ ಅದರಲ್ಲಿ ಲೆಕ್ಕದ ಮೇಷ್ಟ್ರು ಇರಲಿಲ್ಲ. ಕೆಂಡ ಉಗಿಯಲಿಲ್ಲ. ನುಂಗಿದ.

ಅಜ್ಜಿಯ ಮುಂದಿದ್ದ ತನ್ನ ಹಳೆಯ ತಟ್ಟೆಗೆ ಕೈ ಹಾಕಿ ಅಲ್ಲಿಂದ ಒಂದು ತುಂಡು ತಿಂದು ಮತ್ತೆ ಹೀರಿದ. ಒಗರು. ತನ್ನ ತಟ್ಟೆಯದು ತಿಂದ. ರೇಷ್ಮೆ. ಅಜ್ಜಿಯ ಕಡೆ ನೋಡಿದ. ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಎಡಗೈ ಸ್ವೆಟರಿನ ಜೇಬಿನೊಳಗೆ ಏನನ್ನೋ ಬಿಗಿಯಾಗಿ ಹಿಡಿದಿತ್ತು.

ಜಗ್ಗಿನೊಂದಿಗೆ ಬಂದ ಅಕ್ಕ ಕೇಳಿದಳು: "ಏನೋ ಅದು, ಅವಳ ತಟ್ಟೆಗೂ ನಿನ್ನ ತಟ್ಟೆಗೂ ಬಸ್ ಸರ್ವಿಸ್ ಶುರು ಮಾಡಿದ್ದೀಯ?"

"ಏನಿಲ್ಲ. ರುಚಿ ನೋಡ್ತಿದ್ದೆ."

ಊಟ ಮುಗಿದು ಅಜ್ಜಿ ಬಾಲ್ಕನಿಗೆ ಹೋಗಿ ಕೂರುವುದನ್ನೇ ಕಾದು, ಅವನು ಹಿಂದೆಯೇ ಹೋಗಿ ಬಾಗಿಲು ಎಳೆದುಕೊಂಡ. ಒಣಹಾಕಿದ ಚಾದರಗಳ ನಡುವೆ ಅವಳು ಮೊಣಕಾಲು ತಿಕ್ಕಿಕೊಳ್ಳುತ್ತಾ ಕೂತಿದ್ದಳು.

"ಜೇಬು ತೋರ್ಸು."

"ಮುದುಕಿ ಜೇಬು ನೋಡ್ತಾರೇನೋ, ಮರ್ಯಾದೆಗೆಟ್ಟೋನೆ."

"ಅಜ್ಜೀ."

ಅಜ್ಜಿ ಕೈ ಹೊರತೆಗೆದಳು. ಸೂಜಿ ಇಡುವ ಹಳೆಯ ತಗಡಿನ ಡಬ್ಬಿ. ಒಳಗೆ ಉಪ್ಪು.

"ವಾರಕ್ಕೊಂದೇ ಸಲ ಕಣೋ, ಭಾನುವಾರ ಮಾತ್ರ. ಒಂದೇ ಚಿಟಿಕೆ. ಕೆಳಗಿನ ಚಪ್ಪಲಿಯವನು ಕೊಡ್ತಾನೆ. ಅದು ನಮ್ಮ ಮನೇದೇ ಡಬ್ಬಿ, ದಾನ ಕೊಟ್ಟಿದ್ದನ್ನ ಸ್ವಲ್ಪ ಸ್ವಲ್ಪ ವಾಪಸ್ ಇಸ್ಕೊಳ್ತಿದ್ದೀನಿ. ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ಅದನ್ನೇ ಕಿತ್ಕೊಂಡ್ರೆ ಮುದುಕಿಗೆ ಇನ್ನೇನು ಉಳೀತು? ನಿಮ್ಮಕ್ಕಂಗೆ ಹೇಳ್ಬೇಡ."

ಕೆಂಡ ಡಬ್ಬಿಯನ್ನೇ ನೋಡುತ್ತಿದ್ದ. ಪುಸ್ತಕದಲ್ಲಿ ಆ ಸಾಲು ಇತ್ತು: ಊಟದ ಉಪ್ಪು ವೈನಿನ ಒಗರನ್ನೂ ಹುಳಿಯನ್ನೂ ತಗ್ಗಿಸುತ್ತದೆ. ಓದಿದ್ದ. ಅದರ ಕೆಳಗೆ ಗೆರೆ ಕೂಡ ಎಳೆದಿದ್ದ. ಆದರೆ ತನ್ನ ತಟ್ಟೆಯಲ್ಲಿ ಅದೇ ಇಲ್ಲ ಎಂಬುದು ಹೊಳೆದಿರಲಿಲ್ಲ. ಪುಸ್ತಕವೂ ಸುಳ್ಳಲ್ಲ, ನಾಲಿಗೆಯೂ ಸುಳ್ಳಲ್ಲ. ಅವನಿಗೆ ನಗು ಬಂತು. ಎಷ್ಟು ಜೋರಾಗಿ ಬಂತೆಂದರೆ ಬಗ್ಗಿ ಕಂಬಿ ಹಿಡಿದುಕೊಳ್ಳಬೇಕಾಯಿತು.

"ಯಾವುದನ್ನ ಹೇಳ್ಬಾರ್ದು ನನಗೆ?"

ಚಾದರದ ಆಚೆಯಿಂದ ಅಕ್ಕನ ದನಿ. ಬಟ್ಟೆ ತೆಗೆಯಲು ಅವಳು ಅಡುಗೆಮನೆಯ ಬಾಗಿಲಿನಿಂದ ಬಂದಿದ್ದಳು. ಚಾದರ ಸರಿಸಿದಳು. ಡಬ್ಬಿ ನೋಡಿದಳು. ಅವಳ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. ಕೆಂಡ ಎಂಬ ಹೆಸರು ಆ ಮನೆಯಲ್ಲಿ ಇನ್ನೊಬ್ಬರಿಗೂ ಸಲ್ಲುತ್ತಿತ್ತು.

"ನೀನು ಮತ್ತೆ ಸ್ನಾನದ ಮನೇಲಿ ಬಿದ್ರೆ? ನಾವೆಲ್ಲ ಒಂದು ವರ್ಷದಿಂದ ಯಾರಿಗೋಸ್ಕರ ಸಪ್ಪೆ ನುಂಗ್ತಿದ್ದೀವಿ? ಡಾಕ್ಟ್ರು ಅಷ್ಟು ಹೇಳಿದ್ರೂ..."

"ಡಾಕ್ಟ್ರು ಕಡಿಮೆ ಮಾಡಿ ಅಂದಿದ್ರು."

ಇದು ಭಾವ. ಕೈಗವಸು ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದ. ದನಿ ತೀರ ಸಣ್ಣದಾಗಿತ್ತು.

"ಏನಂದ್ರಿ?"

"ಬಿಡಿ ಅನ್ಲಿಲ್ಲ. ಕಡಿಮೆ ಮಾಡಿ ಅಂದಿದ್ರು. ನಾನು ಮನೆಗೆ ಬಂದು ಹೇಳೋಷ್ಟರಲ್ಲಿ ನೀನು ಡಬ್ಬಿ ಎತ್ಕೊಂಡು ಮೆಟ್ಟಿಲು ಇಳೀತಿದ್ದೆ."

"ಆಮೇಲೆ ಒಂದು ವರ್ಷ ಇತ್ತಲ್ಲ! ಬಾಯಲ್ಲಿ ಏನಿತ್ತು ನಿಮಗೆ?"

"ಉಪ್ಪಿರಲಿಲ್ಲ," ಅಂದ ಭಾವ. "ಉಪ್ಪಿಲ್ದೆ ಧೈರ್ಯ ಎಲ್ಲಿಂದ ಬರುತ್ತೆ?"

ಮೊದಲು ನಕ್ಕವಳು ಅಜ್ಜಿ. ಅಕ್ಕ ನಗಬಾರದೆಂದು ತುಟಿ ಕಚ್ಚಿಕೊಂಡು, ಚಾದರದಲ್ಲಿ ಮುಖ ಮುಚ್ಚಿಕೊಂಡಳು. ಚಾದರ ಅಲ್ಲಾಡತೊಡಗಿತು. ಕೊನೆಗೆ ಹೊರಬಂದು ಕಣ್ಣೊರೆಸಿಕೊಂಡು, ಸೋಮವಾರ ತಾನೇ ಡಾಕ್ಟರ ಹತ್ತಿರ ಹೋಗಿ, ತನ್ನ ಕಿವಿಯಲ್ಲೇ ಕೇಳಿ, ಆಮೇಲೆ ತೀರ್ಮಾನ ಎಂದು ಆಜ್ಞೆ ಹೊರಡಿಸಿದಳು. ಡಬ್ಬಿಯನ್ನು ಮಾತ್ರ ಅಲ್ಲಿಯವರೆಗೆ ವಶಪಡಿಸಿಕೊಂಡಳು.

ಕೆಂಡನೂ ಸೋಮವಾರ ಹೋದ. ಯಜಮಾನಿಯ ಮೇಜಿಗಲ್ಲ, ಡ್ರೈವಿಂಗ್ ಸ್ಕೂಲಿನ ಕೋಣೆಗೆ. ಮೇಷ್ಟ್ರು ಗ್ಲಾಸು ಒರೆಸುತ್ತಿದ್ದರು. ಹಲ್ಲಿನ ಡಾಕ್ಟರಮ್ಮ ಬೇಗ ಬಂದು ಕೂತಿದ್ದಳು. ಬಾಗಿಲಲ್ಲೇ ನಿಂತು, ಬಾಯಿಂದ ಹಲ್ಲು ಕಿತ್ತ ಹಾಗೆ ಒಂದೊಂದೇ ಪದ ಹೊರಡಿಸಿದ: "ಅವತ್ತು... ನಾನು ಎದ್ದು ಹೋದ ಮೇಲೆ... ಆ ಬಟ್ಟೆ ಮುಚ್ಚಿದ ತಟ್ಟೆಗಳಲ್ಲಿ ಏನಿತ್ತು?"

"ಒಂದರಲ್ಲಿ ನಿಂಬೆ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಉಪ್ಪು," ಅಂದಳು ಡಾಕ್ಟರಮ್ಮ. "ಒಂದೊಂದನ್ನೂ ನೆಕ್ಕಿ ವೈನ್ ರುಚಿ ನೋಡ್ಬೇಕಿತ್ತು. ವೈನ್ ಹೇಗೆ ಬದಲಾಗುತ್ತೆ ನೋಡೋಕೆ. ಇಡೀ ಕೋರ್ಸಿನಲ್ಲಿ ಅದಕ್ಕಿಂತ ಮಜಾ ಪಾಠ ಇನ್ನೊಂದಿಲ್ಲ. ನೀನು ತಿಮಿಂಗಿಲ ಹಿಡಿಯೋಕೆ ಹೋಗಿದ್ದೆ."

ಕಿವಿ ಕಾದವು. ಆದರೆ ಈ ಸಲ ಅವನು ಕುರ್ಚಿ ಎಳೆದುಕೊಂಡು ಕೂತ. ಕೂತು, ತಮ್ಮ ಮನೆಯ ಉಪ್ಪಿನ ಕಥೆಯನ್ನು ಹೇಳಿದ. ಸೂಜಿ ಡಬ್ಬಿಯ ಭಾಗ ಬರುವಷ್ಟರಲ್ಲಿ ಡಾಕ್ಟರಮ್ಮ ಮೇಜು ಬಡಿದು ನಗುತ್ತಿದ್ದಳು, ಅವನೂ ನಗುತ್ತಿದ್ದ. ಮೇಷ್ಟ್ರು ಗ್ಲಾಸು ಕೆಳಗಿಟ್ಟರು.

"ನಿನ್ನ ನಾಲಿಗೆಗೆ ಏನೋ ಆಗಿದೆ ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ. ಉಪ್ಪಿಲ್ಲದ ಮಾಂಸಕ್ಕೆ ನೀನು ಬರೆದಿದ್ದು ಅಕ್ಷರಶಃ ಸರಿ. ಅಂಥ ಊಟದ ಜೊತೆ ತಿಂಗಳುಗಟ್ಟಲೆ ರುಚಿ ನೋಡಿದೋನು ನನಗೂ ಇನ್ನೊಬ್ಬ ಗೊತ್ತಿಲ್ಲ. ಆದ್ರೆ ಆ ಉತ್ತರದ ಅರ್ಧ ಭಾಗ ಈ ಕೋಣೇಲಿ, ಆ ತಟ್ಟೇಲಿತ್ತು. ನೀನು ಅದರ ಪಕ್ಕದಲ್ಲೇ ನಡ್ಕೊಂಡು ಹೋದೆ." ಮೂಲೆಯ ಕಪಾಟಿನಿಂದ ಒಂದು ಪುಟ್ಟ ತಟ್ಟೆ ತೆಗೆದು ಅವನ ಮುಂದಿಟ್ಟರು. "ಕೂತಿದ್ದೀಯಲ್ಲ, ನೆಕ್ಕು."

ಪರೀಕ್ಷೆಯ ದಿನ ಪತ್ರಿಕೆ ತಿರುಗಿಸಿದರೆ ಮೊದಲ ಪುಟದಲ್ಲೇ ಖಾಲಿ ನಕ್ಷೆ. ನೀಲಿ ಸಮುದ್ರ ಬಾಯಿ ತೆರೆದುಕೊಂಡು ಕೂತಿತ್ತು. ಕೆಂಡನಿಗೆ ಅದರೊಳಗಿಂದ ತಿಮಿಂಗಿಲ ನಕ್ಕ ಹಾಗಾಯಿತು. ಅವನಿಗೇ ತಿಳಿಯದೆ ಕುರ್ಚಿ ಒಂದಿಷ್ಟು ಹಿಂದಕ್ಕೆ ಸರಿಯಿತು. ಮೇಲ್ವಿಚಾರಕ ತಲೆಯೆತ್ತಿ "ಏನಾದ್ರೂ ಬೇಕಿತ್ತಾ?" ಎಂದು ಕೇಳಿದ.

ಬಾಗಿಲು ದೂರವಿರಲಿಲ್ಲ. ಅವನ ಕಾಲುಗಳಿಗೆ ಬಾಗಿಲಿನ ದಾರಿ ಬಾಯಿಪಾಠ.

"ಪೆನ್ಸಿಲ್ ಕೆತ್ತೋದು ಇದ್ರೆ ಕೊಡಿ," ಅಂದ ಕೆಂಡ.

ಕೆತ್ತಿದ. ಎಡದಂಡೆಯ ವಾಸನೆ ಬಂತು. ಮೊದಲು ನೀರು ಎಲ್ಲಿದೆ ನೋಡು ಎಂದಿದ್ದಳು ಅಜ್ಜಿ. ನದಿ ಹೀಗೆ ಬಂದು ಸಮುದ್ರ ಸೇರುತ್ತೆ ಎಂದುಕೊಳ್ಳುತ್ತಾ ಗೆರೆ ಎಳೆದ. ಅತ್ತೆಮನೆ ಈ ಕಡೆ, ತವರುಮನೆ ಆ ಕಡೆ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಊಟದ ಭಾಗ ಬಂದಾಗ ಅವನ ಕೈ ನಿಲ್ಲಲೇ ಇಲ್ಲ. ಗಂಟೆ ಹೊಡೆದು ಎಲ್ಲರೂ ಎದ್ದ ಮೇಲೂ ಬರೆಯುತ್ತಿದ್ದ. ಕೊನೆಗೆ ಮೇಲ್ವಿಚಾರಕ ಬಂದು "ಏಳಪ್ಪಾ, ಸಾಕು" ಎಂದು ಹಾಳೆ ಎಳೆದುಕೊಳ್ಳಬೇಕಾಯಿತು. ಕೆಂಡನನ್ನು ಒತ್ತಾಯದಿಂದ ಎಬ್ಬಿಸಬೇಕಾಗಿ ಬಂದದ್ದು ಅದೇ ಮೊದಲು.

ಪಾಸಾದ. ಮೊದಲನೆಯವನಾಗಿ ಅಲ್ಲ; ಮೊದಲನೆಯವಳು ಹಲ್ಲಿನ ಡಾಕ್ಟರಮ್ಮ. ಅವಳು ಅವನಿಗೆ ಆಟಿಕೆಯ ತಿಮಿಂಗಿಲವೊಂದನ್ನು ಉಡುಗೊರೆ ಕೊಟ್ಟಳು. ಅದು ಈಗ ಕೌಂಟರಿನ ಮೇಲೆ ಬಿರಡೆಗಳ ಬುಟ್ಟಿಯ ಪಕ್ಕ ಕೂತಿದೆ.

ಮನೆಯಲ್ಲಿ ಡಾಕ್ಟರು ಹೇಳಿದ ಅಳತೆಯ ಉಪ್ಪು ಪುಟ್ಟ ಬಟ್ಟಲಿನಲ್ಲಿ ಅಜ್ಜಿಯ ಮುಂದೆ ಬರುತ್ತದೆ. ಅಕ್ಕ ಹದ್ದಿನ ಕಣ್ಣಿಟ್ಟು ನೋಡುತ್ತಿರುವಾಗಲೇ ಅಜ್ಜಿ ಅದನ್ನು ರಾಜಾರೋಷವಾಗಿ ಉದುರಿಸಿಕೊಳ್ಳುತ್ತಾಳೆ. ಮೊದಲ ಭಾನುವಾರ ಒಂದು ತುತ್ತು ತಿಂದು, ನಿಟ್ಟುಸಿರು ಬಿಟ್ಟು, ಕೆಂಡನ ಕಿವಿಯಲ್ಲಿ ಹೇಳಿದಳು: "ಕದ್ದು ತಿಂದ ರುಚಿ ಇದಕ್ಕಿಲ್ಲ ಕಣೋ."

ಅವನು ಕೌಂಟರಿಗೆ ನಿಂತ ವಾರದಲ್ಲೇ ಇಸ್ತ್ರಿ ಮಾಡಿದ ಕೋಟಿನ ಒಬ್ಬ ಗಿರಾಕಿ ಬಂದ. ಸಂಜೆ ಮನೆಗೆ ಅತಿಥಿಗಳು, ಕುರಿ ಮಾಂಸ ಸುಡುತ್ತೇವೆ, ಏನು ಕೊಡುತ್ತೀಯ ಎಂದು ಕೇಳಿದ. ಕೆಂಡ ಎಡದಂಡೆಯ ಬಾಟಲಿಯೊಂದನ್ನು ತೆಗೆದು ಮುಂದಿಟ್ಟ. ಗಿರಾಕಿ ಅವನನ್ನು ಮೇಲಿಂದ ಕೆಳಗೆ ನೋಡಿ, ತುಟಿಯ ಮೂಲೆಯಲ್ಲಿ ನಕ್ಕ. "ಇದನ್ನ ನೀನು ಯಾವತ್ತಾದ್ರೂ ಕುಡಿದು ನೋಡಿದ್ದೀಯೇನಪ್ಪಾ? ಇಲ್ಲಾ ಬರೀ ಓದಿ ಒಪ್ಪಿಸ್ತಿದ್ದೀಯೋ?"

ಒಳಗೆ ಕೂತಿದ್ದ ಯಜಮಾನಿ ಕನ್ನಡಕ ಮೂಗಿಗೇರಿಸಿದಳು. ಕೆಂಡನ ಕಿವಿ ಬಿಸಿಯಾದವು. ಗೋಡೌನಿನ ಬಾಗಿಲು ಅವನ ಬೆನ್ನ ಹಿಂದೆಯೇ ತೆರೆದಿತ್ತು. ಅವನು ಬಾಟಲಿಯನ್ನು ನಿಧಾನವಾಗಿ ಕಾಗದದಲ್ಲಿ ಸುತ್ತಿದ, ಕೊರಳಿನ ಹತ್ತಿರ ಕಾಗದವನ್ನು ತಿರುಚಿ ಗಂಟು ಮಾಡಿದ.

"ಕುಡಿದಿಲ್ಲ ಸಾರ್, ತಿಂಗಳುಗಟ್ಟಲೆ ಉಗಿದಿದ್ದೀನಿ," ಅಂದ. "ಕೊನೇಗೊಂದು ಸಲ ನುಂಗಿದೆ. ಅದಕ್ಕೇ ಹೇಳ್ತಿರೋದು, ತಗೊಂಡು ಹೋಗಿ. ಮಾಂಸಕ್ಕೆ ಉಪ್ಪು ಹಾಕೋದು ಮಾತ್ರ ಮರೀಬೇಡಿ."